ನವೋದಯ ಪ್ರವೇಶ ಪರೀಕ್ಷೆಯ ಹೇಳಿಕೆ ಲೆಕ್ಕಗಳು: ಮಹಾವೀರಾಚಾರ್ಯರ ಮಾವಿನಹಣ್ಣಿನಿಂದ ಕೆಂಗೇರಿ ಮೆಟ್ರೋವರೆಗೆ

“ಕೂಡೋದು, ಕಳೆಯೋದು, ಗುಣಾಕಾರ, ಭಾಗಾಕಾರ ಎಲ್ಲಾ ಬರುತ್ತೆ ಸರ್. ಹೇಳಿಕೆ ಲೆಕ್ಕ ಕೊಟ್ಟರೆ ಮಾತ್ರ ತಪ್ಪು ಮಾಡ್ತಾಳೆ. ಯಾಕೆ?”

ಐದನೇ ತರಗತಿಯ ಮಕ್ಕಳಿರುವ ಮನೆಗಳಿಂದ ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯ ಸಮಾಜದ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಗಣಿತ ಹೇಳಿಕೊಡುತ್ತಾ ಬಂದಿರುವ ನನಗೆ ಈಗ ಇದಕ್ಕೆ ಉತ್ತರ ಸ್ವಲ್ಪಮಟ್ಟಿಗೆ ಗೊತ್ತಾಗಿದೆ. ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಕೂರಿಸುವ ಪೋಷಕರಿಗೆ ಉಪಯೋಗವಾಗಲಿ ಎಂದು ಇಲ್ಲಿ ವಿವರಿಸುತ್ತಿದ್ದೇನೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ ಬರೆಯುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲು ಪರೀಕ್ಷೆಯ ಸ್ವರೂಪ. ಒಟ್ಟು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಪ್ರತಿ ಪ್ರಶ್ನೆಗೆ 1.25 ಅಂಕ. ಅಂಕಗಣಿತಕ್ಕೆ ನಿಗದಿಯಾಗಿರುವ ಸಮಯ 30 ನಿಮಿಷ, ಅಂದರೆ ಒಂದು ಲೆಕ್ಕಕ್ಕೆ 90 ಸೆಕೆಂಡು. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದು ಮಗು ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದು, ಎರಡನೇ ಅವಕಾಶವಿಲ್ಲ.

ನಮ್ಮ ಭಾಗದ ಪೋಷಕರು ಇನ್ನೊಂದು ವಿಷಯ ತಿಳಿದಿರಬೇಕು. ಒಂದು ನವೋದಯದಲ್ಲಿ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳಿಗೆ ಪ್ರವೇಶ. ಅದರಲ್ಲಿ ಕನಿಷ್ಠ ಶೇ. 75 ಸ್ಥಾನ ಗ್ರಾಮೀಣ ಮಕ್ಕಳಿಗೆ. 3, 4, 5ನೇ ತರಗತಿಗಳಲ್ಲಿ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿಯೇ. ಹಾಗಾಗಿ ರಾಜಾಜಿನಗರದ ಶಾಲೆಯಲ್ಲಿ ಓದುವ ಮಗು, ಬಾಗಲೂರಿನಲ್ಲಿರುವ ಬೆಂಗಳೂರು ನಗರ ಜಿಲ್ಲೆಯ ನವೋದಯಕ್ಕೆ ಸ್ಪರ್ಧಿಸುವುದು ಉಳಿದ 20 ಸ್ಥಾನಗಳಿಗೆ. ಇಷ್ಟು ಕಡಿಮೆ ಸ್ಥಾನ ಇರುವಲ್ಲಿ ಎರಡು ಲೆಕ್ಕ ತಪ್ಪಿದರೆ, ಅಂದರೆ 2.5 ಅಂಕ ಹೋದರೆ, ಹೆಸರು ಪಟ್ಟಿಯಿಂದ ಹೊರಗುಳಿಯಬಹುದು. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತವಾಗಿರುವ ಶಾಲೆ ಇದು. ಸಾಲ ಮಾಡಿ ಶುಲ್ಕ ಕಟ್ಟುವ ಮನೆಗೆ ಆ 2.5 ಅಂಕದ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ.

ತಪ್ಪುವುದು ಎಲ್ಲಿ?

ಕೆಂಗೇರಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಮಾದರಿ ಪ್ರಶ್ನೆಪತ್ರಿಕೆಯ 20 ಲೆಕ್ಕಗಳಲ್ಲಿ 9 ತಪ್ಪು ಮಾಡಿದ್ದಳು. ತಾಯಿಗೆ ಗಾಬರಿ. ಅದೇ ಒಂಬತ್ತು ಲೆಕ್ಕಗಳನ್ನು ನಾನು ನಿಧಾನವಾಗಿ ಓದಿ ಹೇಳಿದೆ, ಅವಳು ಕಿವಿಗೊಟ್ಟು ಕೇಳಿ ಮಾಡಿದಳು. ಹೆಚ್ಚಿನವು ಸರಿಯಾದವು! ಅವಳಿಗೆ ಗಣಿತ ಬರುತ್ತಿತ್ತು. ಅಂಕಿಗಳು ಕಣ್ಣಿಗೆ ಬಿದ್ದ ಕೂಡಲೇ ಪೆನ್ನು ಓಡುತ್ತಿತ್ತು, ಕೊನೆಯ ಸಾಲನ್ನು ಅವಳು ಓದುತ್ತಲೇ ಇರಲಿಲ್ಲ.

ಕನ್ನಡದಲ್ಲಿ ಇದು ವಿಶೇಷವಾಗಿ ಅಪಾಯಕಾರಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ತುದಿಯಲ್ಲಿ. ಏನು ಕೇಳಿದ್ದಾರೆ ಎಂಬುದೂ ಅಲ್ಲೇ ಇರುತ್ತದೆ. ಯಾವುದರಿಂದ ಯಾವುದನ್ನು ಎಂಬುದನ್ನು ಹೇಳುವುದು ವಿಭಕ್ತಿ ಪ್ರತ್ಯಯ. “15ನ್ನು 40ರಿಂದ ಕಳೆದರೆ” ಎಂದು ಬಂದಾಗ ಅಂಕಿ ಬಂದ ಕ್ರಮದಲ್ಲೇ ಬರೆಯುವ ಮಗು 15ರಿಂದ 40 ಕಳೆಯಲು ಹೋಗಿ ನಿಂತುಬಿಡುತ್ತದೆ. “5ರಿಂದ 85ನ್ನು ಭಾಗಿಸಿ” ಎಂಬಲ್ಲಿ ಭಾಜ್ಯ ಯಾವುದು, ಭಾಜಕ ಯಾವುದು? “ಅನ್ನು” ಇರುವುದು ಭಾಜ್ಯ, “ಇಂದ” ಇರುವುದು ಭಾಜಕ. ವ್ಯಾಕರಣದ ತರಗತಿಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಗಣಿತದಲ್ಲಿ ಹೀಗೆ ಕೆಲಸಕ್ಕೆ ಬರುತ್ತದೆ.

ಇಲ್ಲಿ ಒಂದು ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ಕೆಲವು ಕೋಚಿಂಗ್ ತರಗತಿಗಳಲ್ಲಿ ಮಕ್ಕಳಿಗೆ ಒಂದು ಪಟ್ಟಿ ಕೊಟ್ಟು ಕಂಠಪಾಠ ಮಾಡಿಸುತ್ತಾರೆ: “ಒಟ್ಟು” ಅಂದರೆ ಕೂಡು, “ಹೆಚ್ಚು” ಅಂದರೆ ಕೂಡು, “ಉಳಿದ” ಅಂದರೆ ಕಳೆ, “ತಲಾ” ಅಂದರೆ ಭಾಗಿಸು. ಶಾಲೆಯ ಸುಲಭ ಲೆಕ್ಕಗಳಿಗೆ ಇದು ನಡೆಯುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ಇದೇ ಪಟ್ಟಿ ಕೈಕೊಡುತ್ತದೆ. ನೋಡಿ: ಅಕ್ಕನ ಬಳಿ 45 ರೂಪಾಯಿ ಇದೆ. ಅದು ತಂಗಿಯ ಬಳಿ ಇರುವುದಕ್ಕಿಂತ 12 ರೂಪಾಯಿ ಹೆಚ್ಚು. ತಂಗಿಯ ಬಳಿ ಎಷ್ಟಿದೆ? “ಹೆಚ್ಚು” ಕಂಡ ಮಗು 57 ಎನ್ನುತ್ತದೆ. ಉತ್ತರ 33. “ತಲಾ” ಕೂಡ ಹಾಗೆಯೇ. “24 ಮಕ್ಕಳಿಗೆ ತಲಾ 3 ಪೆನ್ಸಿಲ್ ಕೊಡಲು ಎಷ್ಟು ಪೆನ್ಸಿಲ್ ಬೇಕು?” ಎಂಬಲ್ಲಿ ಗುಣಿಸಬೇಕು. ಪದ ಒಂದೇ, ಕೆಲಸ ಬೇರೆ. ಪಟ್ಟಿಯ ಬದಲು ಮಗುವಿಗೆ ಒಂದೇ ಪ್ರಶ್ನೆ ಕೇಳಿ: “ಇಬ್ಬರಲ್ಲಿ ಯಾರ ಹತ್ತಿರ ಜಾಸ್ತಿ ಇದೆ?” ಅಕ್ಕನ ಹತ್ತಿರ ಎಂದು ಗೊತ್ತಾದ ಮೇಲೆ 57 ಎಂಬ ಉತ್ತರ ಬಾಯಿಗೆ ಬರುವುದೇ ಇಲ್ಲ.

ತಪ್ಪು ಉತ್ತರಗಳು ಎಲ್ಲಿಂದ ಬರುತ್ತವೆ?

ನಾಲ್ಕು ಆಯ್ಕೆಗಳಲ್ಲಿ ಮೂರು ತಪ್ಪು. ಆದರೆ ಅವು ಸುಮ್ಮನೆ ಬರೆದ ಅಂಕಿಗಳಲ್ಲ. ಮಗು ಎಲ್ಲಿ ಎಡವಬಹುದು ಎಂದು ಊಹಿಸಿ ಅಲ್ಲೊಂದು ಉತ್ತರ ಇಟ್ಟಿರುತ್ತಾರೆ. ಆದ್ದರಿಂದ “ನನ್ನ ಉತ್ತರ ಆಯ್ಕೆಯಲ್ಲಿ ಇದೆ, ಹಾಗಾದರೆ ಸರಿ” ಎಂಬ ಧೈರ್ಯ ಬೇಡ.

ವಿಜಯನಗರದ ಒಬ್ಬ ವ್ಯಾಪಾರಿ ಕಿಲೋಗೆ 120 ರೂಪಾಯಿಯಂತೆ 25 ಕಿಲೋ ಕಡಲೆಕಾಯಿ ಕೊಂಡ. 20 ಕಿಲೋವನ್ನು 150 ರೂಪಾಯಿಯಂತೆ ಮಾರಿದ. ಉಳಿದದ್ದನ್ನು 100 ರೂಪಾಯಿಯಂತೆ ಮಾರಿದ. ಅವನಿಗಾದ ಲಾಭ ಎಷ್ಟು? ಆಯ್ಕೆಗಳು 3,500, 3,000, 500, 750. ಕೊಂಡದ್ದು 25 × 120 = 3,000. ಮಾರಿದ್ದು 20 × 150 = 3,000, ಜೊತೆಗೆ 5 × 100 = 500, ಒಟ್ಟು 3,500. ಲಾಭ 500. ಮಾರಿದ ಹಣಕ್ಕೇ ನಿಂತ ಮಗುವಿಗೆ 3,500 ಕಾದಿರುತ್ತದೆ, ಕೊಂಡ ಬೆಲೆಗೇ ನಿಂತವರಿಗೆ 3,000. ಎಲ್ಲಾ 25 ಕಿಲೋವನ್ನೂ 150ರಂತೆಯೇ ಮಾರಿದ ಎಂದುಕೊಂಡರೆ 3,750ರಲ್ಲಿ 3,000 ಕಳೆದು 750. ಮೂರು ತಪ್ಪಿಗೆ ಮೂರು ಆಯ್ಕೆ, ಲೆಕ್ಕ ಹಾಕಿಯೇ ಇಟ್ಟದ್ದು.

(ಪಠ್ಯಪುಸ್ತಕಗಳಲ್ಲಿ ಇಂಥ ಲೆಕ್ಕಗಳೆಲ್ಲ ಈರುಳ್ಳಿ, ಆಲೂಗಡ್ಡೆಯ ಮೇಲೆಯೇ ಇರುತ್ತವೆ. ನಮ್ಮ ಮನೆಗಳಲ್ಲಿ ಅವು ಒಲೆಯ ಮೇಲೆ ಏರದಿದ್ದರೂ ಪುಸ್ತಕದಲ್ಲಿ ಬಿಡುವಂತಿಲ್ಲ. ಒಬ್ಬ ಹುಡುಗ “ಈರುಳ್ಳಿ ಲೆಕ್ಕ ಬೇಡ ಸರ್” ಎಂದು ಗಂಭೀರವಾಗಿ ಹೇಳಿದ್ದೂ ಉಂಟು.)

ಮಾವಿನಹಣ್ಣಿನ ಲೆಕ್ಕ

ಹೇಳಿಕೆ ಲೆಕ್ಕ ಎಂದರೆ ಇಂಗ್ಲಿಷ್ ಶಾಲೆಗಳಿಂದ ಬಂದದ್ದು ಎಂದು ಹಲವರ ಭಾವನೆ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಅಂದಿನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಒಂಬತ್ತು ಅಧ್ಯಾಯ, 1,100ಕ್ಕೂ ಹೆಚ್ಚು ಶ್ಲೋಕಗಳ ಈ ಗ್ರಂಥದಲ್ಲಿ ಸೂತ್ರ ಹೇಳಿದ ಬೆನ್ನಿಗೇ ಉದಾಹರಣೆಯಾಗಿ ಹೇಳಿಕೆ ಲೆಕ್ಕಗಳು ಬರುತ್ತವೆ. ಹಣ್ಣು, ಹೂವು, ಚಿನ್ನ, ಬಡ್ಡಿ, ಪ್ರಯಾಣ, ಏನುಂಟು ಏನಿಲ್ಲ! ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ 1912ರಲ್ಲಿ ಮದರಾಸಿನಿಂದ ಹೊರಬಂತು. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು 2000ದಲ್ಲಿ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆ ಪ್ರಕಟಿಸಿತು. ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ಕೂಡ ಜೈನನೇ. 12ನೇ ಶತಮಾನದ ಅವನ ‘ವ್ಯವಹಾರಗಣಿತ’ದ ಹೆಸರೇ ಹೇಳುವಂತೆ ಅದು ದಿನಬಳಕೆಯ ಲೆಕ್ಕ.

ಮಹಾವೀರಾಚಾರ್ಯರ ಒಂದು ಲೆಕ್ಕ ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಬರುತ್ತದೆ. ಅದರ ಸಾರ ಹೀಗಿದೆ. ಒಂದು ರಾಶಿ ಮಾವಿನಹಣ್ಣಿತ್ತು. ರಾಜ ಅದರಲ್ಲಿ 1/6 ಭಾಗ ತೆಗೆದುಕೊಂಡ. ಉಳಿದುದರಲ್ಲಿ 1/5ನ್ನು ರಾಣಿ ತೆಗೆದುಕೊಂಡಳು. ಆಮೇಲೆ ಉಳಿದುಳಿದುದರಲ್ಲಿ ಮೂವರು ರಾಜಕುಮಾರರು ಕ್ರಮವಾಗಿ 1/4, 1/3, 1/2 ಭಾಗ ತೆಗೆದುಕೊಂಡರು. ಕೊನೆಯ ಮಗುವಿಗೆ ಸಿಕ್ಕಿದ್ದು 3 ಹಣ್ಣು. ರಾಶಿಯಲ್ಲಿ ಎಷ್ಟು ಹಣ್ಣಿದ್ದವು?

ಇಂಥ ಲೆಕ್ಕಗಳಿಗೆ ಅವರು ಕೊಟ್ಟ ಹೆಸರು ‘ಶೇಷಜಾತಿ’. ಶೇಷ, ಅಂದರೆ ಉಳಿದದ್ದು. ಹೆಸರಿನಲ್ಲೇ ಎಚ್ಚರಿಕೆ ಇದೆ. “ಉಳಿದುದರಲ್ಲಿ” ಎಂಬ ಪದ ಬಿಟ್ಟು ಎಲ್ಲರೂ ಇಡೀ ರಾಶಿಯಿಂದಲೇ ತೆಗೆದರು ಎಂದುಕೊಂಡರೆ ಏನಾಗುತ್ತದೆ? 1/6, 1/5, 1/4, 1/3, 1/2 ಕೂಡಿಸಿ. ಛೇದ 60 ಮಾಡಿದರೆ 10 + 12 + 15 + 20 + 30 = 87. ಅಂದರೆ 60 ಹಣ್ಣಿನ ರಾಶಿಯಿಂದ 87 ಹಣ್ಣು ತೆಗೆದಂತೆ! ಇಲ್ಲೇ ಮಗುವಿಗೆ ತಾನು ತಪ್ಪು ಓದಿದೆ ಎಂದು ಗೊತ್ತಾಗಬೇಕು. (ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಲ.ಸಾ.ಅ. ತೆಗೆಯುವ ಕ್ರಮವನ್ನು ಮಹಾವೀರಾಚಾರ್ಯರೇ ಹೇಳಿದ್ದಾರೆ, ಅದಕ್ಕೆ ‘ನಿರುದ್ಧ’ ಎಂದು ಹೆಸರಿಟ್ಟಿದ್ದಾರೆ.)

ಐದನೇ ತರಗತಿಗೆ ಬೀಜಗಣಿತ ಇಲ್ಲ. ಬೇಕಾಗಿಯೂ ಇಲ್ಲ. ಹಿಂದಿನಿಂದ ಬನ್ನಿ. ಕೊನೆಯ ರಾಜಕುಮಾರ ಅರ್ಧ ತೆಗೆದ ಮೇಲೆ 3 ಉಳಿಯಿತು, ಅಂದರೆ ಅವನಿಗಿಂತ ಮೊದಲು 6 ಇತ್ತು. ಅದಕ್ಕೂ ಮೊದಲು 1/3 ಹೋಗಿ 6 ಉಳಿದಿದೆ, ಅಂದರೆ 6 ಎಂಬುದು 2/3 ಭಾಗ, ಇದ್ದದ್ದು 9. ಹಾಗೆಯೇ 9 ಎಂಬುದು 3/4 ಭಾಗ, ಇದ್ದದ್ದು 12. 12 ಎಂಬುದು 4/5, ಇದ್ದದ್ದು 15. 15 ಎಂಬುದು 5/6, ಇದ್ದದ್ದು 18. ಉತ್ತರ 18. ಈಗ ಮುಂದಿನಿಂದ ಹಂಚಿ ನೋಡಿದರೆ ಪ್ರತಿಯೊಬ್ಬರಿಗೂ ಸಿಕ್ಕಿದ್ದು ಮೂರೇ ಹಣ್ಣು. ರಾಜನಿಗೂ ಮೂರು, ಕೊನೆಯ ಮಗುವಿಗೂ ಮೂರು. ಇದು ಬಯಲಾದಾಗ ಮಕ್ಕಳ ಮುಖ ನೋಡಬೇಕು.

ಬಹು ಆಯ್ಕೆಯ ಪರೀಕ್ಷೆಯಲ್ಲಿ ಇನ್ನೊಂದು ದಾರಿಯೂ ಇದೆ. ಆಯ್ಕೆಗಳು 18, 20, 24, 27 ಎಂದಿಟ್ಟುಕೊಳ್ಳಿ. ರಾಜ 1/6 ತೆಗೆದ ಎಂದ ಮೇಲೆ ಒಟ್ಟು ಸಂಖ್ಯೆ 6ರಿಂದ ಭಾಗವಾಗಲೇಬೇಕು, ಹಣ್ಣನ್ನು ಕತ್ತರಿಸಿಲ್ಲವಲ್ಲ. 20, 27 ಅಲ್ಲೇ ಹೋದವು. ಉಳಿದದ್ದು 18, 24. 24ನ್ನು ಹಾಕಿ ನೋಡಿ: 4 ಹೋಗಿ 20, 4 ಹೋಗಿ 16, ಹೀಗೆ ಕೊನೆಗೆ 4 ಉಳಿಯುತ್ತದೆ. 3 ಅಲ್ಲ. ಹಾಗಾದರೆ 18. ಇದು ಕಳ್ಳದಾರಿ ಎಂದು ಕೆಲವು ಶಿಕ್ಷಕರು ಬೇಸರಿಸುತ್ತಾರೆ. ನನಗೆ ಹಾಗನಿಸುವುದಿಲ್ಲ. ಉತ್ತರವನ್ನು ಲೆಕ್ಕಕ್ಕೆ ಹಾಕಿ ತಾಳೆ ನೋಡುವುದೂ ಗಣಿತವೇ. ಆದರೆ ಪ್ರತಿ ಲೆಕ್ಕಕ್ಕೂ ಇದನ್ನೇ ಹಿಡಿದರೆ 90 ಸೆಕೆಂಡು ಸಾಲುವುದಿಲ್ಲ. “ಆ ಸಂಖ್ಯೆ ಯಾವುದು”, “ಮೊದಲು ಎಷ್ಟಿತ್ತು” ಎಂದು ಕೇಳುವ ಲೆಕ್ಕಗಳಿಗೆ ಮಾತ್ರ ಇಟ್ಟುಕೊಳ್ಳಿ.

ಕೆಂಗೇರಿ ಮೆಟ್ರೋ

ಮೈಸೂರು ರಸ್ತೆಯಿಂದ ಕೆಂಗೇರಿಗೆ ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಶುರುವಾಯಿತು. ಉದ್ದ ಸುಮಾರು 7.5 ಕಿ.ಮೀ. ಒಂದು ರೈಲು ಇಷ್ಟು ದೂರವನ್ನು 15 ನಿಮಿಷದಲ್ಲಿ ಸಾಗಿದರೆ ಅದರ ವೇಗ ಗಂಟೆಗೆ ಎಷ್ಟು ಕಿ.ಮೀ.? ಆಯ್ಕೆಗಳು 0.5, 2, 30, 112.5. ಭಾಗಿಸಿದ ಮಗು 0.5 ಎನ್ನುತ್ತದೆ. ಅದು ನಿಮಿಷಕ್ಕೆ 0.5 ಕಿ.ಮೀ., ಕೇಳಿದ್ದು ಗಂಟೆಗೆ. ತಿರುಗಿಸಿ ಭಾಗಿಸಿದರೆ 2, ಗುಣಿಸಿದರೆ 112.5. ಸುಲಭ ದಾರಿ: 15 ನಿಮಿಷ ಕಾಲು ಗಂಟೆ. ಕಾಲು ಗಂಟೆಗೆ 7.5 ಆದರೆ ಒಂದು ಗಂಟೆಗೆ ಅದರ ನಾಲ್ಕರಷ್ಟು, 30. ಇದು ತ್ರೈರಾಶಿ. ಗಣಿತಸಾರಸಂಗ್ರಹದಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ.

ಇದೇ ಮಾರ್ಗದಲ್ಲಿ ಇನ್ನೊಂದು ಲೆಕ್ಕ. ಮೈಸೂರು ರಸ್ತೆ, ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ ಬಸ್ ಟರ್ಮಿನಲ್, ಕೆಂಗೇರಿ: ಒಟ್ಟು ಏಳು ನಿಲ್ದಾಣ. ಒಂದರಿಂದ ಮುಂದಿನದಕ್ಕೆ 2 ನಿಮಿಷ, ನಡುವಿನ ಪ್ರತಿ ನಿಲ್ದಾಣದಲ್ಲಿ ಅರ್ಧ ನಿಮಿಷ ನಿಲುಗಡೆ ಎಂದುಕೊಳ್ಳಿ. ಮೈಸೂರು ರಸ್ತೆಯಿಂದ ಹೊರಟ ರೈಲು ಎಷ್ಟು ನಿಮಿಷಕ್ಕೆ ಕೆಂಗೇರಿ ತಲುಪುತ್ತದೆ? ನಿಲ್ದಾಣ ಏಳಾದರೂ ನಡುವಿನ ಅಂತರ ಆರೇ. ನಡುವೆ ನಿಲ್ಲುವುದು ಐದು ಕಡೆ. 12 + 2.5 = 14.5 ನಿಮಿಷ. ಏಳರಿಂದಲೇ ಎಲ್ಲವನ್ನೂ ಗುಣಿಸಿದವರಿಗೆ 17.5 ಬರುತ್ತದೆ, ಮತ್ತು ಅದು ಖಂಡಿತ ಆಯ್ಕೆಯಲ್ಲಿರುತ್ತದೆ! ಮಕ್ಕಳಿಗೆ ಇದು ಗೊಂದಲ ಅನಿಸಿದರೆ ಕೈ ಬಿಚ್ಚಿ ತೋರಿಸಿ. ಬೆರಳು ಐದು, ಸಂದು ನಾಲ್ಕು. ಒಂದು ಭಾನುವಾರ ಮೆಟ್ರೋದಲ್ಲೇ ಕರೆದುಕೊಂಡು ಹೋಗಿ ಎಣಿಸಿದರೆ ಇನ್ನೂ ಒಳ್ಳೆಯದು.

ಕಂಬ ನೆಡುವುದು, ಸಸಿ ನೆಡುವುದು, ಗಂಟೆ ಬಾರಿಸುವುದು ಎಲ್ಲವೂ ಇದೇ ಜಾತಿ. ಲ.ಸಾ.ಅ. ಲೆಕ್ಕಗಳಲ್ಲೂ ಇದು ಬಂದು ಸೇರಿಕೊಳ್ಳುತ್ತದೆ. 10, 12, 15 ನಿಮಿಷಕ್ಕೊಂದರಂತೆ ಹೊರಡುವ ಮೂರು ಮಾರ್ಗದ ಬಸ್ಸುಗಳು ಬೆಳಿಗ್ಗೆ 8 ಗಂಟೆಗೆ ಒಟ್ಟಿಗೆ ಹೊರಟವು. ಲ.ಸಾ.ಅ. 60, ಆದ್ದರಿಂದ ಪ್ರತಿ ಗಂಟೆಗೊಮ್ಮೆ ಒಟ್ಟಿಗೆ. 8ರಿಂದ 12ರವರೆಗೆ ಎರಡೂ ಸೇರಿ ಎಷ್ಟು ಬಾರಿ? ಐದು. 8ರ ನಂತರ 12ರವರೆಗೆ? ನಾಲ್ಕು. “ನಂತರ” ಎಂಬ ಒಂದು ಪದಕ್ಕೆ 1.25 ಅಂಕ.

ಪರೀಕ್ಷಾ ಕೊಠಡಿಯಲ್ಲಿ

ಉತ್ತರ ಗುರುತಿಸುವುದು ಓಎಂಆರ್ ಹಾಳೆಯಲ್ಲಿ, ನೀಲಿ ಅಥವಾ ಕಪ್ಪು ಬಾಲ್‌ಪೆನ್ನಿನಲ್ಲಿ. ತಿದ್ದುವಂತಿಲ್ಲ. ಮಾದರಿ ಪರೀಕ್ಷೆಯಲ್ಲಿ ಒಬ್ಬ ಹುಡುಗ ಕಷ್ಟದ ಒಂದು ಲೆಕ್ಕ ಬಿಟ್ಟು ಮುಂದೆ ಹೋದ. ಆದರೆ ಹಾಳೆಯಲ್ಲಿ ಆ ಸಾಲು ಬಿಡಲು ಮರೆತ. ಅಲ್ಲಿಂದ ಮುಂದಿನ ಎಲ್ಲಾ ಉತ್ತರಗಳೂ ಒಂದೊಂದು ಸಾಲು ಮೇಲೆ ಸರಿದವು. ಲೆಕ್ಕ ಸರಿ, ಹಾಳೆ ತಪ್ಪು. ಆ ದಿನ ಅವನು ಅತ್ತದ್ದು ನೋಡಿದ ಮೇಲೆ, ಪ್ರತಿ ಐದು ಪ್ರಶ್ನೆಗೊಮ್ಮೆ ಪ್ರಶ್ನೆಯ ಸಂಖ್ಯೆ ಮತ್ತು ಹಾಳೆಯ ಸಂಖ್ಯೆಗೆ ಬೆರಳಿಟ್ಟು ತಾಳೆ ನೋಡುವುದನ್ನು ಎಲ್ಲರಿಗೂ ಕಡ್ಡಾಯ ಮಾಡಿದ್ದೇನೆ.

ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಆದರೆ ಕಣ್ಣು ಮುಚ್ಚಿ ಗುರುತಿಸುವುದಕ್ಕಿಂತ ಮೊದಲು ಅಸಾಧ್ಯವಾದವನ್ನು ತೆಗೆದುಹಾಕಿ. 398 ಮಕ್ಕಳು ಪ್ರವಾಸಕ್ಕೆ ತಲಾ 52 ರೂಪಾಯಿ ಕೊಟ್ಟರೆ ಒಟ್ಟು ಎಷ್ಟು? 20,698, 2,096, 20,696, 21,696. 400 × 52 = 20,800, ಉತ್ತರ ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. 2,096 ಮತ್ತು 21,696 ಹೋದವು. 8ನ್ನು 2ರಿಂದ ಗುಣಿಸಿದರೆ 16, ಕೊನೆಯ ಅಂಕಿ 6 ಆಗಬೇಕು. ಉಳಿದದ್ದು 20,696 ಒಂದೇ. ಗುಣಾಕಾರ ಪೂರ್ತಿ ಮಾಡುವ ಅಗತ್ಯವೇ ಬೀಳಲಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಅರ್ಜಿ ಹಾಕುವಾಗ ಪರೀಕ್ಷೆಯ ಮಾಧ್ಯಮ ಆರಿಸಬೇಕು. ಕನ್ನಡ ಆರಿಸಿ ಇಂಗ್ಲಿಷ್ ಗೈಡಿನಲ್ಲಿ ಅಭ್ಯಾಸ ಮಾಡಿಸುವವರು ನಮ್ಮಲ್ಲಿ ಬಹಳ ಮಂದಿ. ಮಗುವಿಗೆ “ಅಸಲು”, “ಸರಳ ಬಡ್ಡಿ”, “ಸುತ್ತಳತೆ”, “ವಿಸ್ತೀರ್ಣ”, “ಭಾಗಲಬ್ಧ” ಎಂಬ ಪದಗಳು ಪರೀಕ್ಷೆಯ ದಿನವೇ ಮೊದಲು ಕಂಡರೆ ಹೇಗೆ? ಯಾವ ಭಾಷೆಯಲ್ಲಿ ಬರೆಯುತ್ತದೋ ಅದೇ ಭಾಷೆಯಲ್ಲಿ ಅಭ್ಯಾಸ ಆಗಬೇಕು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವ ಮನೆಗಳಲ್ಲಿ ಸಂಜೆ ಒಂದಷ್ಟು ಬಿಡುವು ಸಿಗುತ್ತದೆ. ದಿನಕ್ಕೆ ಎರಡೇ ಲೆಕ್ಕ ಸಾಕು. ಮಗು ಓದಲಿ, ಪುಸ್ತಕ ಮುಚ್ಚಲಿ, ಅಜ್ಜಿಗೋ ಅಮ್ಮನಿಗೋ ಅದನ್ನು ಕತೆಯಂತೆ ಹೇಳಲಿ: ಯಾರು, ಏನು ಮಾಡಿದರು, ಕೊನೆಗೆ ಏನು ಕೇಳಿದ್ದಾರೆ. ಹೇಳಲು ಬಂದರೆ ಆಮೇಲೆ ಪೆನ್ನು ಕೊಡಿ. ಬಾರದಿದ್ದರೆ ಇನ್ನೊಮ್ಮೆ ಓದಿಸಿ.

ಇಂದಿನ ಸಂಜೆಗೆ ಒಂದು: ಒಂದು ಬುಟ್ಟಿಯ ಬಾಳೆಹಣ್ಣಿನಲ್ಲಿ ಅರ್ಧವನ್ನು ಪಕ್ಕದ ಮನೆಗೆ ಕೊಟ್ಟರು. ಉಳಿದುದರಲ್ಲಿ 1/3ನ್ನು ಅತ್ತೆಯ ಮನೆಗೆ ಕಳಿಸಿದರು. ಈಗ 8 ಹಣ್ಣು ಇವೆ. ಮೊದಲು ಎಷ್ಟಿದ್ದವು? 16, 24, 36, 48. ಮಗು 24 ಎಂದರೆ ಸರಿ. 48 ಎಂದರೆ ಬೈಯಬೇಡಿ, ಎರಡನೇ ವಾಕ್ಯದ ಮೊದಲ ಪದವನ್ನು ಗಟ್ಟಿಯಾಗಿ ಓದಿಸಿ.